ಇನ್ನೊಂದು ಹೂಂ

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಅವಳನ್ನು ಗಂಟಲಮ್ಮ ಎಂದೇ ಕರೆಯುತ್ತಿದ್ದರು. ಆದಿಮಾನವರ ಗಂಟಲ ಮೂಳೆಯ ಪ್ಲಾಸ್ಟರಿನ ಅಚ್ಚು ತೆಗೆಯುವುದು ಅವಳ ಕೆಲಸ. ಮಾತು ಹುಟ್ಟಿದ್ದು ಹೇಗೆಂದು ಸಂಶೋಧನೆ ಮಾಡುತ್ತಿದ್ದ ಮೇಷ್ಟ್ರೊಬ್ಬ ಆ ಮೂಳೆ ನೋಡಲು ಬಂದವನು, ನೋಡಿದ್ದು ಅವಳನ್ನು. ಹಾಗಂತ ಅವಳು ತಿಳಿದಳು, ಪಾಪ.

"ಧ್ವನಿಪೆಟ್ಟಿಗೆ ಕೆಳಗಿಳೀತು, ನಮಗೆ ಮಾತು ಬಂತು," ಎಂದ, ಅವಳ ಮೇಜಿಗೆ ಒರಗಿ. "ಅದಕ್ಕೇ ಊಟ ನೆತ್ತಿಗೆ ಹತ್ತೋದು."

"ನೆತ್ತಿಗೆ ಹತ್ತೋದು ಯಾರಾದ್ರೂ ನೆನೆಸಿಕೊಂಡಾಗ."

ಅವನು ಅವಳ ಗಂಟಲನ್ನೇ ನೋಡುತ್ತ ನಕ್ಕ. ಅವಳು ಪ್ಲಾಸ್ಟರ್ ಮೆತ್ತಿದ ಕೈಯಿಂದ ಕತ್ತು ಮುಚ್ಚಿಕೊಂಡಳು.

ಸಂಶೋಧನೆಗೆ ನಿನ್ನ ದನಿ ಬೇಕು ಎಂದಿದ್ದ; ಮೂರು ತಿಂಗಳು, ಸಂಜೆಯಾದರೆ ಅವನ ರೆಕಾರ್ಡಿಂಗ್ ಕೋಣೆ. ಅವನು ಕಥೆ ಹೇಳುತ್ತಿದ್ದ: ತಾಯಿಯ ಕಾಯಿಲೆ, ಹಾಸ್ಟೆಲಿನ ಒಂಟಿತನ. ಅವಳು ಹೂಂಗುಟ್ಟುತ್ತಿದ್ದಳು. ಯಾರಿಗೂ ಹೇಳದ್ದನ್ನು ನನಗೆ ಹೇಳುತ್ತಿದ್ದಾನೆ ಎಂದು ಕರಗಿಹೋದಳು.

ಕೊನೆಯ ಸಂಜೆ ಅವನ ದನಿ ತಗ್ಗಿತು. "ನಿನ್ನಿಂದ ಇನ್ನೊಂದೇ ಬೇಕಾಗಿರೋದು. ಮನಸ್ಸಿಟ್ಟು ಒಂದು ಹೂಂ ಅಂದುಬಿಡು."

ಇದನ್ನು ಹೀಗೂ ಕೇಳುತ್ತಾರಾ ಎಂದುಕೊಂಡಳು.

"ಹೂಂ," ಎಂದಳು.

ಅವನು ಕಂಪ್ಯೂಟರಿನ ಪರದೆ ನೋಡಿ ಹುಬ್ಬು ಗಂಟಿಕ್ಕಿದ. "ನಡುಗ್ತಿದೆ. ಇದು ಬರಲ್ಲ, ಇನ್ನೊಂದು ಸಲ."

"ಬರಲ್ಲ ಅಂದ್ರೆ?"

"ನನ್ನ ಪೇಪರಿಗೆ. ಪದ ಹುಟ್ಟೋಕೆ ಮುಂಚೆ ಮನುಷ್ಯ ಹೂಂ ಅಂತಲೇ ಒಪ್ಪಿಗೆ ಕೊಡ್ತಿದ್ದ ಅಂತ ಬರೀತಿದ್ದೀನಲ್ಲ. ಒಬ್ಬೊಬ್ಬರದ್ದೂ ನಾನೂರು ಹೂಂ ಬೇಕು."

"ನೀವು ಹೇಳಿದ ಕಥೆಗಳು?"

"ಮೂವತ್ತು ಜನಕ್ಕೂ ಅವೇ. ಬೇರೆ ಬೇರೆ ಹೇಳಿದ್ರೆ ಹೋಲಿಸೋಕಾಗಲ್ವಲ್ಲ."

ಅವಳು ಇನ್ನೊಂದು ಹೂಂ ಕೊಟ್ಟಳು, ಉಪ್ಪಿಲ್ಲ ಹುಳಿಯಿಲ್ಲ. "ಪರ್ಫೆಕ್ಟ್," ಎಂದ ಮಹಾನುಭಾವ.

ಎಂಟು ತಿಂಗಳ ಮೇಲೆ ಅವನು ಮತ್ತೆ ಬಂದು ಅವಳ ಮೇಜಿನೆದುರು ನಿಂತ. ಸೊರಗಿದ್ದ.

"ಆ ಕೆಟ್ಟುಹೋದ ಹೂಂ ಇತ್ತಲ್ಲ, ಅಳಿಸೋಣ ಅಂತ ತೆಗೆದೆ. ಗ್ರಾಫ್ ನೋಡ್ತಾ ನೋಡ್ತಾ ಗೊತ್ತಾಯ್ತು, ನೀನು ಏನು ಹೇಳಿದ್ದೆ ಅಂತ."

"ಅದು ನೋಡೋದಲ್ಲ ಮೇಷ್ಟ್ರೇ, ಕೇಳೋದು."

"ಗೊತ್ತು. ಅಳಿಸೋಕೆ ಕೈ ಬರಲಿಲ್ಲ. ನನ್ನ ಮದುವೆ ಆಗ್ತೀಯಾ?"

ಈ ಮಾತಿಗಾಗಿ ಅವಳು ಚಾತಕಪಕ್ಷಿಯ ಹಾಗೆ ಕಾದಿದ್ದಳು. ಈಗಲೂ ಅವನೆಂದರೆ ಪ್ರೀತಿಯೇ. ಆದರೆ ಅವಳ ಕಣ್ಣು ಮೊದಲು ಹೋದದ್ದು ಅವನ ಅಂಗಿಯ ಜೇಬಿಗೆ, ರೆಕಾರ್ಡರ್ ಇದೆಯಾ ಎಂದು. ಇರಲಿಲ್ಲ. ಇಲ್ಲದಿದ್ದರೂ ಇನ್ನು ಬದುಕಿಡೀ ಹುಡುಕುತ್ತಲೇ ಇರುತ್ತೇನೆ ಎಂದು ಅವಳಿಗೆ ತಿಳಿದುಹೋಯಿತು.

"ಊಹೂಂ," ಎಂದಳು.

ದನಿ ಈ ಸಲ ನಡುಗಲಿಲ್ಲ.