ಬ್ಯಾಗಿನಲ್ಲೇ ಉಳಿದ ವರದಿ

"ಇಷ್ಟೊಂದು ಅನ್ನ ತಗೊಂಡ್ಹೋಗಿ ಎಲ್ಲಿ ಸುರೀತೀರಿ? ಕರುಳು ಚುರುಕ್ ಅನ್ನಲ್ವಾ ನಿಮಗೆ?"

ವಿಶ್ವವಿದ್ಯಾಲಯದ ಕ್ಯಾಂಟೀನಿನ ಹಿಂಬಾಗಿಲಲ್ಲಿ ಸಂಶೋಧಕಿ ಲಾರಿ ಡ್ರೈವರ್ ಮೇಲೆ ಹರಿಹಾಯ್ದಳು. ಅವನು ಎಂಜಲಿನ ಡ್ರಮ್ ಕೆಳಗಿಟ್ಟು ಹುಬ್ಬೇರಿಸಿದ.

"ತಟ್ಟೇಲಿ ಬಿಟ್ಟೋರು ಒಳಗಿದಾರೆ ಮೇಡಂ. ನಾನು ಹೊರೋನು ಅಷ್ಟೆ."

ಅವಳ ಕಿವಿ ಕೆಂಪಾಯಿತು. ಅವನು ನಕ್ಕುಬಿಟ್ಟ.

ತಟ್ಟೆಗಳಲ್ಲಿ ಉಳಿದದ್ದನ್ನು ತೂಗಿ ವರದಿ ಬರೆಯುವುದು ಅವಳ ಕೆಲಸ. ದಿನಕ್ಕೆ ಎರಡು ಪುಟ್ಟ ಲಾರಿ ತುಂಬುತ್ತಿತ್ತು. ಎರಡನೆಯದು ಅವನದು. ಅವಳು ತೂಗಿ ಮುಗಿಸುವವರೆಗೆ ಅವನು ಕಾಯಬೇಕು. ಬರಬರುತ್ತಾ ಅವಳ ತೂಕ ನಿಧಾನವಾಯಿತು.

"ತಕ್ಕಡಿ ಮುಳ್ಳು ನಿಲ್ತಾನೇ ಇಲ್ವಲ್ಲ ಇವತ್ತು?"

"ನೀವು ಹಾಗೆ ನೋಡ್ತಾ ನಿಂತ್ರೆ ಹೇಗೆ ನಿಲ್ಲುತ್ತೆ?" ಎಂದವಳು ನಾಲಿಗೆ ಕಚ್ಚಿಕೊಂಡಳು.

ಒಂದು ಮಧ್ಯಾಹ್ನ ಅವಳೂ ಲಾರಿ ಹತ್ತಿದಳು. ಅವನು ದಿನವೂ ಸುರಿಯುವ ಕಸದ ಗುಡ್ಡ ಹೊಗೆಯಾಡುತ್ತಿತ್ತು. ಕೊಳೆತ ಊಟದಿಂದ ಎದ್ದ ಅನಿಲಕ್ಕೆ ಒಳಗೊಳಗೇ ಬೆಂಕಿ ಹತ್ತಿ ತಿಂಗಳಾಗಿತ್ತು. ಬುಡದಲ್ಲೇ ಅವನ ಮನೆ. ಅವನ ಅಕ್ಕ ಬಾವಿಯಿಂದ ಸೇದಿದ ನೀರು ಕಪ್ಪಗಿತ್ತು.

"ಕುಡಿಯೋಕಲ್ಲಮ್ಮ, ನೆಲ ಒರೆಸೋಕೆ," ಎಂದಳು ಅಕ್ಕ, ಕೆಮ್ಮಿನ ನಡುವೆ. "ಇವನು ಮನೇಲಿ ನಿನ್ನ ಮಾತೇ ಆಡ್ತಾನೆ."

"ಅಕ್ಕಾ!" ಎಂದು ಅವನು ಗದರಿದ.

ತಟ್ಟೆ ಚಿಕ್ಕದು ಮಾಡಿ, ಬೇಕಾದವರಿಗೆ ಮತ್ತೆ ಬಡಿಸಿದರೆ ಕಸ ಅರ್ಧಕ್ಕಿಳಿಯುತ್ತದೆ ಎಂದು ಅವಳ ವರದಿ ಸಿದ್ಧವಾಯಿತು. ಅರ್ಧಕ್ಕಿಳಿದರೆ ಎರಡನೇ ಲಾರಿ ಬೇಕಿಲ್ಲ. ಅವಳು ವರದಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ದಿನ ದೂಡಿದಳು.

ಮೂರನೇ ವಾರ ಅಕ್ಕ ತೀರಿಕೊಂಡಳು. ಎದೆಯಲ್ಲಿ ಹೊಗೆ ತುಂಬಿತ್ತು ಎಂದರು ಡಾಕ್ಟರು.

ಖಾಲಿ ಮನೆಯಲ್ಲಿ ಅವನೆದುರು ಕೂತು ಅವಳು ಎಲ್ಲವನ್ನೂ ಹೇಳಿದಳು. "ವರದಿ ಕೊಟ್ರೆ ನೀವು ಹೋಗ್ಬಿಡ್ತೀರಿ ಅಂತ... ಕೈ ಬರ್ಲಿಲ್ಲ."

ಅವನು ಎದ್ದು ಹೊಗೆ ನುಗ್ಗುತ್ತಿದ್ದ ಕಿಟಕಿ ಮುಚ್ಚಿದ.

"ನನ್ನನ್ನ ಉಳಿಸ್ಕೊಳೋಕೆ ಇಷ್ಟು ದಿನ ಇಲ್ಲಿಗೇ ಕಸ ಸುರಿಸಿದ್ರಾ?"

ಅವಳು ಬ್ಯಾಗಿನಿಂದ ವರದಿ ತೆಗೆದು ಅವನ ಮುಂದಿಟ್ಟಳು.

"ನನಗೂ ನೀವಂದ್ರೆ ಪ್ರಾಣ ರೀ. ಆದ್ರೆ ಈ ಸಾಲಲ್ಲಿ ಇನ್ನೂ ಹನ್ನೊಂದು ಮನೆ ಇವೆ. ನಾಳೆನೇ ಕೊಟ್ಬಿಡಿ."

ಮರುದಿನ ಅವಳು ಕೊಟ್ಟಳು. ತಿಂಗಳು ತುಂಬುವುದರೊಳಗೆ ಅವನ ಕೆಲಸ ಹೋಯಿತು. ಕೆಲಸ ಹುಡುಕಿಕೊಂಡು ಹೊರಟು, ಬೇರೆ ಊರಿನ ಬಸ್ಸಿನ ಕಿಟಕಿ ಪಕ್ಕ ಕೂತವನು ಕೆಳಗೆ ನಿಂತ ಅವಳನ್ನು ಕೇಳಿದ:

"ಅಕ್ಕನ ವಿಷಯ ಮರೆಯೋಕೆ ನನಗೆ ಎಷ್ಟು ದಿನ ಬೇಕೋ ಗೊತ್ತಿಲ್ಲ. ಕಾಯಿರಿ ಅಂತ ಹೇಗೆ ಹೇಳಲಿ?"

"ಹೇಳ್ಬೇಡಿ," ಎಂದು ಅವಳು ಕಿಟಕಿಯ ಸರಳಿನ ಮೇಲಿದ್ದ ಅವನ ಬೆರಳುಗಳನ್ನು ಮುಚ್ಚಿ ಹಿಡಿದಳು. ಬಸ್ಸು ಹೊರಟಾಗ ಹಿಡಿದುಕೊಂಡೇ ನಾಲ್ಕು ಹೆಜ್ಜೆ ನಡೆದಳು. ಐದನೆಯದಕ್ಕೆ ಅವನೇ ಮೆಲ್ಲಗೆ ಬಿಡಿಸಿಕೊಂಡ.