ಹಲಗೆಯಡಿಯ ಇನ್‌ಸ್ಪೆಕ್ಟರ್

"ಕಾಲು ತೊಳೆದು ಹತ್ತು! ಕಾಲು ತೊಳೆದು!" ಎಂದು ಅಪ್ಪ ಬೊಬ್ಬೆ ಹಾಕಿದ.

ಸರಸಳ ಒಂದು ಕಾಲು ಆಗಲೇ ದೋಣಿಯೊಳಗಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡಳು. ಕಣ್ಣು ಮಾತ್ರ ದೋಣಿಯ ಮೂತಿಯ ಕಡೆಗೇ ಇತ್ತು. ನಿನ್ನೆ ಸಂಜೆ ಅಲ್ಲಿ ಕಾಲಿಡುವ ಹಾಸಿನಲ್ಲಿ ಹಲಗೆ ಇಲ್ಲದ ಒಂದು ಸಂದಿ ಇತ್ತು. ಈಗ ನೋಡಿದರೆ ಸಂದಿಯೇ ಇಲ್ಲ! ಸಾಗುವಾನಿ ಹಲಗೆಗಳು ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ಕೂತು, ಎಣ್ಣೆ ಕುಡಿದು, ಬಿಸಿಲಿಗೆ ಮಿಂಚುತ್ತಿದ್ದವು.

"ಎಲ್ಲ ಮುಗೀತಾ ಅಪ್ಪ? ಆಚಾರ್ರಿಗೆ ಇವತ್ತು ಮದುವೆ ಊಟ ಉಂಟು ಅಂದಿದ್ರಲ್ಲ?"

"ಊಟ ಮಧ್ಯಾಹ್ನ ಅಲ್ವಾ ಮಗಾ?" ಎಂದು ಬಡಗಿ ಅಣ್ಣು ಆಚಾರಿಯೇ ನಕ್ಕ. "ಸರಿಯಾಗಿ ಬೆಳಕು ಹರಿಯುವ ಮೊದಲೇ ಬಂದು ಕೊನೆಯ ಹಲಗೆ ಹೊಡೆದೆ. ಈಗ ಹೊಳೆ ದಾಟಿ ಬಸ್ಸು ಹಿಡಿದರೆ ಪುಂಜಾಲಕಟ್ಟೆಯ ಮದುವೆ ಮನೆ!"

ಸರಸ ಮತ್ತೆ ಮೂತಿಯ ಕಡೆ ನೋಡಿದಳು. ಆ ಕೊನೆಯ ಹಲಗೆಯ ಅಡಿಯಲ್ಲಿ ಇನ್‌ಸ್ಪೆಕ್ಟರ್ ಇತ್ತು!

ಇನ್‌ಸ್ಪೆಕ್ಟರ್ ಅಂದರೆ ಅಂಗೈ ಅಗಲದ ಒಂದು ಆಮೆ. ಹೊಳೆ ಬದಿಯಲ್ಲಿ ಸಿಕ್ಕಿದ್ದು. ಸರಸಳ ಶಾಲೆಗೆ ಒಮ್ಮೆ ಇನ್‌ಸ್ಪೆಕ್ಟರು ಬಂದು, ಕತ್ತು ಉದ್ದ ಮಾಡಿ ಮೂಲೆಮೂಲೆ ನೋಡಿ, ಒಂದು ಮಾತೂ ಆಡದೆ ಹೋಗಿದ್ದರು. ಈ ಆಮೆಯೂ ಥೇಟ್ ಹಾಗೆಯೇ ನೋಡುತ್ತಿತ್ತು. ಅದಕ್ಕೇ ಆ ಹೆಸರು.

ಆದರೆ ಮನೆಯಲ್ಲಿ ಸೇಸಮ್ಮಜ್ಜಿಗೆ ಅದನ್ನು ಕಂಡರೆ ಆಗದು. "ಆಮೆ ಹೊಕ್ಕ ಮನೆ ಉದ್ಧಾರ ಆಗ್ಲಿಕ್ಕುಂಟಾ? ಹೊಳೆಗೆ ಬಿಟ್ಟು ಬಾ. ಅದರ ಮನೆ ಅದರ ಬೆನ್ನ ಮೇಲೇ ಉಂಟು!" ಎಂದು ನಿನ್ನೆ ಸಂಜೆ ಕಳಿಸಿದ್ದಳು. ಬಿಡಲು ಮನಸ್ಸು ಬರಬೇಕಲ್ಲ! ಸರಸ ಅದನ್ನು ದೋಣಿಯ ಸಂದಿಗೆ ಇಳಿಸಿ, ಎರಡು ಬಸಳೆ ಎಲೆ ಹಾಕಿ, "ನಾಳೆ ಬರ್ತೇನೆ ಆಯ್ತಾ?" ಎಂದು ಹೇಳಿ ಮನೆಗೆ ಓಡಿದ್ದಳು.

ಈಗ ಬಾಯಿ ಬಿಟ್ಟರೆ ಹಲಗೆ ಕೀಳಬೇಕು. ಅಪ್ಪನ ಹೊಸ ಹಲಗೆ!

ಅಪ್ಪ ಜನರನ್ನು ಹೊಳೆ ದಾಟಿಸುವ ಈ ದೋಣಿಯ ತಳದ ಮೇಲೆ, ಕಾಲಿಡಲು, ಮೊದಲು ಅಡಿಕೆ ಮರದ ಸಲಾಕೆ ಹಾಸಿತ್ತು. ಕಳೆದ ಮಳೆಗಾಲದಲ್ಲಿ ಒಂದು ಸಲಾಕೆ ಮುರಿದು, ಮೊಟ್ಟೆ ಮಾರುವ ಜೈನಬಮ್ಮನ ಕಾಲು ಉಳುಕಿತ್ತು. ಅಲ್ಲಿಂದ ಕಡವಿನಲ್ಲಿ ದೋಣಿ ಕಾಯುವವರಿಗೆಲ್ಲ ಒಂದೇ ತಮಾಷೆ. "ಶೀನಪ್ಪನ ದೋಣಿಗಿಂತ ಈಜುವುದೇ ವಾಸಿ ಮಾರಾಯ!" ಎಲ್ಲರೂ ನಗುತ್ತಿದ್ದರು, ಅಪ್ಪ ನಗುತ್ತಿರಲಿಲ್ಲ. ಕೊನೆಗೆ ಮನೆಯ ಹಿಂದೆ ಅಜ್ಜ ನೆಟ್ಟಿದ್ದ ಸಾಗುವಾನಿ ಮರವನ್ನೇ ಕಡಿಸಿದ. ಹಲಗೆ ಸೀಳಿಸಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ. ಕೋಳಿ ಅದರ ಮೇಲೆ ಹತ್ತಿದರೂ ಅಟ್ಟಿಸಿಕೊಂಡು ಹೋಗುತ್ತಿದ್ದ. ಅಂಥ ಹಲಗೆ ಅದು.

"ಜೈನಬಕ್ಕ, ಮೊದಲು ನೀವೇ ಹತ್ಬೇಕು" ಎಂದು ಅಪ್ಪ ಕರೆದ. ಜೈನಬಮ್ಮ ಮೊಟ್ಟೆಯ ಬುಟ್ಟಿ ಹಿಡಿದುಕೊಂಡು, ಹೊಸ ಹಲಗೆಯ ಮೇಲೆ ಮೆಲ್ಲನೆ ಕಾಲಿಟ್ಟಳು. "ಹೋ, ನಮ್ಮ ಮನೆಯ ಚಾವಡಿಗಿಂತ ನುಣ್ಣಗುಂಟು!" ಅಪ್ಪನ ಮುಖ ಅರಳಿತು. ಆಚಾರಿಯೂ ಸರಸಳೂ ಹತ್ತಿದರು. ಅಪ್ಪ ಬಿದಿರಿನ ಗಳ ಊರಿ ದೋಣಿಯನ್ನು ತಳ್ಳಿದ.

ಅರ್ಧ ಹೊಳೆ ದಾಟುವಾಗ ಕೇಳಿಸಿತು.

ಟೊಕ್.

ಸರಸ ಜೋರಾಗಿ ಕೆಮ್ಮಿದಳು.

ಟೊಕ್. ಟೊಕ್.

"ಇದೆಂಥ ಶಬ್ದ ಶೀನಪ್ಪಣ್ಣ?" ಜೈನಬಮ್ಮ ಉಳುಕಿದ್ದ ಕಾಲನ್ನು ಥಟ್ಟನೆ ಮೇಲೆತ್ತಿದಳು. "ಹಲಗೆ ಬಿಡ್ತಾ ಉಂಟಾ?"

"ನನ್ನ ಹಲಗೆ ಬಿಡುವುದಾ?" ಆಚಾರಿಗೆ ಸಿಟ್ಟು ನೆತ್ತಿಗೇರಿತು. ಮಂಡಿಯೂರಿ, ಹಲಗೆಗೆ ಕಿವಿ ಕೊಟ್ಟ. ಟೊಕ್ ಟೊಕ್ ಟೊಕ್. ಅವನ ಸಿಟ್ಟೆಲ್ಲ ಇಳಿದುಹೋಯಿತು. "ಮೊಳೆ ಸಡಿಲ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ಆದ್ರೆ..."

"ದೇವರೇ, ನನ್ನನ್ನು ದಡ ಮುಟ್ಟಿಸು ಸಾಕು" ಎಂದು ಜೈನಬಮ್ಮ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು.

ಅಪ್ಪ ಗಳ ಊರುವುದನ್ನು ಬಿಟ್ಟು ನಿಂತಿದ್ದ. ಕಡವಿನವರು ತಮಾಷೆ ಮಾಡುವಾಗ ಅವನ ಮುಖ ಹೇಗಾಗುತ್ತಿತ್ತೋ ಹಾಗೆಯೇ ಆಗಿತ್ತು. ಆ ಮುಖ ನೋಡಿ ಸರಸಳಿಗೆ ತಡೆಯಲಾಗಲಿಲ್ಲ.

"ಹಲಗೆ ಸರಿ ಉಂಟು ಅಪ್ಪ! ಅದು... ಅಡಿಯಲ್ಲಿ ಇನ್‌ಸ್ಪೆಕ್ಟರ್ ಉಂಟು!"

"ಯಾರು?" ಎಂದು ಮೂವರೂ ಒಟ್ಟಿಗೆ ಕೇಳಿದರು.

ಅಳುತ್ತಾ, ಬಿಕ್ಕುತ್ತಾ ಸರಸ ಎಲ್ಲವನ್ನೂ ಹೇಳಿದಳು. ಅಜ್ಜಿ ಬೈದದ್ದು, ಸಂದಿ, ಬಸಳೆ ಎಲೆ, ಒಂದನ್ನೂ ಬಿಡಲಿಲ್ಲ. ಅಪ್ಪ ಕೇಳುತ್ತಾ ಕೇಳುತ್ತಾ ದೋಣಿಯನ್ನು ದಡಕ್ಕೆ ತಂದು ಕಟ್ಟಿದ.

ದೋಣಿಯ ಹಿಂಬದಿಯಲ್ಲಿ ಒಂದು ಹಲಗೆಗೆ ಮೊಳೆ ಇರಲಿಲ್ಲ. ಒಳಗೆ ಸೋರಿದ ನೀರು ತೆಗೆಯಲು ಆಚಾರಿ ಬಿಟ್ಟ ಹಲಗೆ ಅದು. ಅಪ್ಪ ಅದನ್ನು ಎತ್ತಿ, ಮಲಗಿ, ಭುಜದವರೆಗೆ ಕೈ ಹಾಕಿದ. ಸರಸ ಪಕ್ಕದಲ್ಲೇ ಬಗ್ಗಿ ನೋಡಿದಳು.

"ಇಲ್ಲ. ಮಧ್ಯದಲ್ಲಿ ಅಡ್ಡಪಟ್ಟಿ ಉಂಟು. ಆಮೆಗೆ ಅದು ದಾಟಿ ಬರ್ಲಿಕ್ಕಾಗ್ಲಿಕ್ಕಿಲ್ಲ" ಎಂದ ಅಪ್ಪ. ಎದ್ದು ಕೈ ಒರೆಸಿಕೊಂಡ. "ಆಚಾರ್ರೆ, ಮೂತಿಯ ಹಲಗೆ ಕಿತ್ತುಬಿಡಿ."

"ಎಂಥದು? ಹಚ್ಚಿದ ಎಣ್ಣೆ ಆರ್ಲಿಲ್ಲ, ಕೀಳುವುದಾ? ಮೊಳೆ ತಲೆ ಒಳಗೆ ಕೂತಿದೆ. ಎಬ್ಬಿಸಿದ್ರೆ ಹಲಗೆ ಹಾಳಾಗ್ತದೆ ಮಾರಾಯ್ರೆ. ಆಮೆ ಅಲ್ವಾ, ಹಸಿವು ತಡೀತದೆ. ಊಟ ಮುಗಿಸಿ ಬಂದು ನೋಡುವ."

"ಮೇಲಿಂದ ಬಿಸಿಲು. ಒಳಗೆ ನೀರಿಲ್ಲ. ಜೀವ ಉಂಟಲ್ಲ ಆಚಾರ್ರೆ, ಕೀಳಿ."

ಆಚಾರಿ ಗೊಣಗಿಕೊಂಡೇ ಚೀಲ ಬಿಚ್ಚಿದ. ಉಳಿ ಇಟ್ಟು ಒಂದು ಪೆಟ್ಟು ಹೊಡೆದ. ಮತ್ತೊಂದು. ಚರ್ರ್ ಎಂದು ಹಲಗೆಯ ಮೂಲೆ ಸೀಳಿತು. ಸರಸ ಗಟ್ಟಿಯಾಗಿ ಕಣ್ಣು ಮುಚ್ಚಿದಳು.

"ಅಯ್ಯಯ್ಯೋ, ನೋಡಿ ಅಲ್ಲಿ!" ಎಂದು ಜೈನಬಮ್ಮ ಕೂಗಿದಳು.

ಸರಸ ಕಣ್ಣು ಬಿಟ್ಟಳು. ಸಂದಿಯಿಂದ ಒಂದು ಪುಟ್ಟ ತಲೆ ಹೊರಗೆ ಬಂತು. ಕತ್ತು ಉದ್ದವಾಯಿತು. ಆಚಾರಿಯನ್ನು ನೋಡಿತು, ಉಳಿಯನ್ನು ನೋಡಿತು, ಮೊಟ್ಟೆ ಬುಟ್ಟಿಯನ್ನೂ ಬಿಡದೆ ನೋಡಿತು.

"ಹೆಸರು ಸರಿಯಾಗಿಯೇ ಉಂಟು!" ಎಂದು ಜೈನಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಚಾರಿ ಆಮೆಗೆ ಕೈ ಮುಗಿದ. "ನನ್ನ ಕೆಲಸ ಪಾಸಾ ಸ್ವಾಮೀ?" ಅಪ್ಪನೂ ನಕ್ಕುಬಿಟ್ಟ. ಎಷ್ಟೋ ದಿನಗಳ ನಂತರ ಕಡವಿನಲ್ಲಿ ಅಪ್ಪ ನಕ್ಕದ್ದು ಅದು. ಸರಸ ಕಣ್ಣು ಒರೆಸಿಕೊಂಡಳು.

ಅವಳು ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ನೀರಿನ ಅಂಚಿಗೆ ಹೋದಳು. ಅಡಗಿಸಿಡಲು ಇನ್ನೊಂದು ಜಾಗ ಹುಡುಕಬೇಕು ಎಂದು ಈಗ ಅನಿಸಲಿಲ್ಲ. "ಹೋಗು, ನಿನ್ನ ಮನೆ ನಿನ್ನ ಹತ್ರವೇ ಉಂಟಲ್ಲ" ಎಂದು ನೀರಿಗೆ ಬಿಟ್ಟಳು. ಅದು ಹಿಂದೆ ತಿರುಗಿಯೂ ನೋಡದೆ ಮುಳುಗಿತು.

ಅಣ್ಣು ಆಚಾರಿ ಸೀಳಿದ ಮೂಲೆಗೆ ಸಣ್ಣ ತುಂಡೊಂದನ್ನು ಕೂರಿಸಿ, ಹಲಗೆ ಮತ್ತೆ ಹೊಡೆದ. ಓಡಿ ಹೋಗಿ ಬಸ್ಸು ಹಿಡಿದ. ಪಾಯಸ ಸಿಕ್ಕಿತಂತೆ.

ಕೆಲವು ವಾರ ಕಳೆದು ಅವನು ಪುನಃ ಕಡವಿಗೆ ಬಂದ. ಸರಸ ಸ್ಲೇಟು ಹಿಡಿದು ದೋಣಿಯಲ್ಲಿ ಕೂತಿದ್ದಳು. ಆಚಾರಿಗೆ ಆ ತೇಪೆ ಕಣ್ಣಿಗೆ ಚುಚ್ಚಿತು. "ಶೀನಪ್ಪಣ್ಣ, ಇಷ್ಟು ಚಂದದ ದೋಣಿಗೆ ಇದೊಂದು ಕಲೆ. ಮನೆಯಲ್ಲಿ ಒಂದು ಹಲಗೆ ಉಳಿದಿದೆಯಲ್ಲ, ಬದಲಾಯಿಸುವ."

ಸರಸ ತಲೆ ತಗ್ಗಿಸಿದಳು.

"ಬೇಡ ಆಚಾರ್ರೆ, ಅದು ಇರಲಿ" ಎಂದ ಅಪ್ಪ. "ಹತ್ತಿದವರೆಲ್ಲ ಅದೇನು ಅಂತ ಕೇಳ್ತಾರೆ. ಇನ್‌ಸ್ಪೆಕ್ಟರ್ ಬಂದು ನೋಡಿ ಹೋದ ದೋಣಿ ಇದು ಅಂತ ಹೇಳ್ತೇನೆ."

ಸರಸ ಅಪ್ಪನ ಮುಖ ನೋಡಲಿಲ್ಲ. ಸ್ವರದಲ್ಲಿದ್ದ ನಗು ಕೇಳಿದರೆ ಸಾಕಿತ್ತು. ಮೆಲ್ಲನೆ ಸರಿದು, ಆ ತೇಪೆಯ ಪಕ್ಕದಲ್ಲೇ ಕಾಲು ಚಾಚಿ ಕೂತಳು.