ಕನ್ನಡಕದ ಕೌಂಟರಿನಲ್ಲಿ ಒಂದು ಹಸಿರು ಚುಕ್ಕಿ

ಗೋಡೆ ಪೂರ್ತಿ ಕೆಂಪಾಯಿತು!

ಕಾಫಿ ಲೋಟವನ್ನು ತುಟಿಗೆ ತಾಗಿಸಿದ್ದವಳು ಹಾಗೇ ಕಲ್ಲಾದಳು. ಒಂದಲ್ಲ, ಎರಡಲ್ಲ... ಎಲ್ಲಾ ಶಾಖೆಗಳೂ ಕೆಂಪು!

ಆ ಕಣ್ಣಿನ ಆಸ್ಪತ್ರೆಗೆ ಊರಗಲ ಶಾಖೆಗಳು. ಪ್ರತಿ ಶಾಖೆಯ ಪ್ರತಿ ಕಂಪ್ಯೂಟರ್, ಪ್ರಿಂಟರ್, ಕಣ್ಣು ಪರೀಕ್ಷೆಯ ಯಂತ್ರಕ್ಕೂ ಅವಳ ಎದುರಿನ ದೊಡ್ಡ ಪರದೆಯ ಮೇಲೆ ಒಂದೊಂದು ಚುಕ್ಕಿ. ನೆಟ್ಟಗಿದ್ದರೆ ಹಸಿರು, ಕೈಕೊಟ್ಟರೆ ಕೆಂಪು. ಎಲ್ಲಿ ಏನು ಕೆಟ್ಟರೂ ಇಲ್ಲಿಂದಲೇ ಪತ್ತೆ ಹಚ್ಚಿ, ಕೂತಲ್ಲಿಂದಲೇ ಸರಿಪಡಿಸುವ ಸಾಫ್ಟ್‌ವೇರ್ ಅದು. ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸ ಅವಳದು. ಶಾಖೆಯವರ ಬಾಯಲ್ಲಿ ಅವಳು 'ಕಂಟ್ರೋಲ್ ಮೇಡಂ'.

"ಅಯ್ಯೋ ದೇವರೇ! ಇವತ್ತು ಆಪರೇಷನ್ ದಿನ ಬೇರೆ! ಯಾರು ಏನು ಕಿತ್ತುಹಾಕಿದ್ರೋ..."

"ಸಾರಿ ಮೇಡಂ... ನಾನೇ."

ದನಿ ಬಂದದ್ದು ನೆತ್ತಿಯ ಮೇಲಿನಿಂದ!

ಬೆಚ್ಚಿ ತಲೆ ಎತ್ತಿದಳು. ಮೊದಲು ಕಂಡದ್ದು ಒಂದು ಜೊತೆ ಧೂಳು ಹಿಡಿದ ಬೂಟು, ಆಮೇಲೆ ಮಡಚುವ ಏಣಿ, ಅದರ ತುದಿಯಲ್ಲಿ ಚಾವಣಿಯೊಳಗೆ ಅರ್ಧ ತಲೆ ತೂರಿಸಿದ್ದ ಒಬ್ಬ ಮನುಷ್ಯ. ಬೆಳಿಗ್ಗೆ ವೈರು ಬದಲಿಸಲು ಬಂದ ಹೊಸ ಟೆಕ್ನಿಷಿಯನ್. ಅವನಿದ್ದಾನೆ ಎನ್ನುವುದನ್ನೇ ಅವಳು ಮರೆತಿದ್ದಳು.

"ಇಳೀರಿ ಮೊದಲು ಕೆಳಗೆ!"

"ಇಳಿಯೋಕಾಗಲ್ಲ ಮೇಡಂ. ವೈರಿನ ಎರಡೂ ತುದಿ ಕೈಯಲ್ಲಿದೆ, ಬಿಟ್ರೆ ಒಳಗೆ ಹೋಗಿಬಿಡುತ್ತೆ. ಅದೂ ಅಲ್ದೆ... ಏಣಿ ಅಲ್ಲಾಡ್ತಿದೆ. ಸ್ವಲ್ಪ ಹಿಡ್ಕೊಳ್ತೀರಾ?"

ಬೈಯಬೇಕೆಂದು ಎದ್ದವಳು ಏಣಿ ಹಿಡಿದು ನಿಂತಿದ್ದಳು. ತಾನೇಕೆ ಹಿಡಿದೆ ಎಂದು ಅವಳಿಗೇ ತಿಳಿಯಲಿಲ್ಲ.

"ಹೆದರ್ಕೋಬೇಡಿ. ಶಾಖೆಗಳಲ್ಲಿ ಎಲ್ಲಾ ಸರಿಯಾಗೇ ಇದೆ. ತುಂಡಾಗಿರೋದು ಈ ಕೋಣೆಯ ವೈರು ಮಾತ್ರ. ಕೆಂಪು ಕಾಣ್ತಿರೋದು ನಿಮ್ಮ ಕಣ್ಣಿಗೆ ಅಷ್ಟೇ!"

ಚಿಟಿಕೆ ಹೊಡೆಯುವಷ್ಟರಲ್ಲಿ ಗೋಡೆ ಮತ್ತೆ ಹಸಿರಾಯಿತು. ಇಳಿದು ಬಂದವನ ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ. ಅದರೊಳಗಿಂದ ಎರಡು ಕಣ್ಣು ನಕ್ಕವು.

ಬೈಗುಳ ಗಂಟಲಲ್ಲೇ ಉಳಿಯಿತು... ಯಾಕೆ ಉಳಿಯಿತು?

ಆವತ್ತಿನಿಂದ ಅವನು ಅವಳಿಗೆ 'ಏಣಿ'. ಎಲ್ಲಾದರೂ ಕೆಂಪು ಕಂಡರೆ ಫೋನು ಅವನಿಗೇ. "ಏಣಿ ಸಾಹೇಬ್ರೇ, ಮಾರ್ಕೆಟ್ ಶಾಖೆ ಮಲಗಿದೆ, ಎಬ್ಬಿಸಿ" ಎಂದರೆ, "ಕಂಟ್ರೋಲ್ ಮೇಡಂ ಅಪ್ಪಣೆ!" ಎನ್ನುತ್ತಿದ್ದ. ಅವನ ಲ್ಯಾಪ್‌ಟಾಪಿಗೂ ಪರದೆಯಲ್ಲಿ ಒಂದು ಚುಕ್ಕಿ ಇತ್ತು; ಅದು ಯಾವ ಶಾಖೆಗೆ ಹೋದರೆ ಚುಕ್ಕಿಯೂ ಅಲ್ಲಿಗೆ. ಅದರ ಉದ್ದುದ್ದ ನಂಬರನ್ನು ಅಳಿಸಿ 'ಏಣಿ' ಎಂದು ಬರೆದವಳೂ ಅವಳೇ.

ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ. ಮೊದಲು ಏನೋ ಆಫೀಸಿನ ವಿಷಯ ಹೇಳಿದ.

"ಮತ್ತೆ... ಭಾನುವಾರ ಬಿಡುವಿದ್ಯಾ? ಕೆರೆ ಪಾರ್ಕಿನಲ್ಲಿ... ಸಿಗಬಹುದಾ?"

ಅಷ್ಟೇ! ಅವಳ ತಲೆ ಗಿರ್ರೆಂದಿತು. "ಹೂಂ" ಎಂದಳೋ "ಊಹೂಂ" ಎಂದಳೋ, ಫೋನಿಟ್ಟ ಮೇಲೆ ನೆನಪಿಲ್ಲ. ಅದಕ್ಕೆ ಮುಂಚೆ ಅವನು ಹೇಳಿದ ಆಫೀಸಿನ ವಿಷಯವಂತೂ ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ.

'ಹೂಂ' ಎಂದೇ ಹೇಳಿರಬೇಕು. ಭಾನುವಾರ ಪಾರ್ಕಿನ ಬೆಂಚಿನಲ್ಲಿ ಅವನು ಕಾಯುತ್ತಿದ್ದ.

ಏಣಿ ಇಲ್ಲದೆ ಅವನನ್ನು ನೋಡುತ್ತಿದ್ದುದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಕೊನೆಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಪಕ್ಕದ ಊರಲ್ಲಿ ಹೊಸ ಶಾಖೆಗಳು ಶುರುವಾಗ್ತಿವೆ. ಕೆಲ್ಸ ಮುಗಿಯೋವರೆಗೂ ನಾನು ಅಲ್ಲಿರಬೇಕಂತೆ. ಇಷ್ಟ ಇದ್ರೆ ಅಲ್ಲೇ ಖಾಯಂ ಮಾಡ್ತಾರಂತೆ. ಶುಕ್ರವಾರ ಹೇಳ್ಬೇಕು. ಅದಕ್ಕೆ ಮುಂಚೆ... ನಿಮ್ಮ ಅಣ್ಣನ ಹತ್ರ ಮಾತಾಡ್ಲಾ? ನೀವು ಹೂಂ ಅಂದ್ರೆ ಹೋಗಿ ವಾಪಸ್ ಬರ್ತೀನಿ. ಇಲ್ಲ ಅಂದ್ರೆ ಅಲ್ಲೇ ಇದ್ದುಬಿಡ್ತೀನಿ."

ಹೂಂ ಅನ್ನು... ಈಗಲೇ ಅಂದುಬಿಡು... ಒಳಗಿನಿಂದ ಯಾರೋ ತಳ್ಳುತ್ತಿದ್ದರು.

"ಶುಕ್ರವಾರದೊಳಗೆ ಹೇಳ್ತೀನಿ" ಎಂದಳು. ಸಂಕೋಚ ಕಣ್ರೀ, ಮತ್ತೇನಲ್ಲ! ಆ ಸಂಕೋಚವೇ ಅವಳನ್ನು ಆ ವಾರವೆಲ್ಲ ಗೋಳುಹೊಯ್ದುಕೊಂಡಿತು.

ಸೋಮವಾರ ಪರದೆಯ ಮುಂದೆ ಕೂತಾಗ ಬೆರಳು ತಾನಾಗಿ 'ಏಣಿ' ಎಂದು ಹುಡುಕಿತು. ಸುಮ್ಮನೆ... ಒಂದೇ ಒಂದು ಸಲ... ಅವನೆಲ್ಲಿದ್ದಾನೆ ನೋಡೋಣ ಎಂದು.

ಹಸಿರು ಚುಕ್ಕಿ ಹೊಳೆದಂಡೆ ಶಾಖೆಯಲ್ಲಿತ್ತು. ಕನ್ನಡಕದ ಕೌಂಟರಿನಲ್ಲಿ.

ನಕ್ಕು ಸುಮ್ಮನಾದಳು. ಒಂದು ಗಂಟೆ ಬಿಟ್ಟು ನೋಡಿದಳು. ಅಲ್ಲೇ. ಊಟದ ನಂತರವೂ ಅಲ್ಲೇ. ಸಂಜೆಯೂ ಅಲ್ಲೇ!

ಮಂಗಳವಾರ ಬೆಳಿಗ್ಗೆ ಶಾಖೆ ತೆರೆಯುತ್ತಿದ್ದ ಹಾಗೆ ಚುಕ್ಕಿ ಮತ್ತೆ ಕನ್ನಡಕದ ಕೌಂಟರಿನಲ್ಲೇ ಹೊತ್ತಿಕೊಂಡಿತು.

ಕನ್ನಡಕದ ಕೌಂಟರಿನಲ್ಲಿ ವೈರು ಎಷ್ಟಿರುತ್ತದೆ? ಒಂದು ಮೊಳ! ಅದಕ್ಕೆ ಎರಡು ದಿನವೇ?

ಅಲ್ಲಿ ಯಾರೋ ಹೊಸಬರು ಸೇರಿದ್ದಾರಂತೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಅಷ್ಟು ಸಾಕಾಯಿತು ಅವಳಿಗೆ. ಮನಸ್ಸು ತಾನೇ ಒಂದು ಹುಡುಗಿಯನ್ನು ಸೃಷ್ಟಿಸಿ, ಅವಳಿಗೆ ಉದ್ದ ಜಡೆ ಹೆಣೆದು, ಕೆನ್ನೆಗೆ ಗುಳಿ ಇಟ್ಟು, ಕೌಂಟರಿನ ಹಿಂದೆ ಕೂರಿಸಿಬಿಟ್ಟಿತು. ಬೇರೆ ಯಾರದಾದರೂ ಚುಕ್ಕಿ ಹೀಗೆ ಒಂದೇ ಕಡೆ ಅಂಟಿಕೊಂಡಿದ್ದರೆ ಕ್ಷಣದಲ್ಲಿ ಕಾರಣ ಹುಡುಕುತ್ತಿದ್ದ ಜಾಣೆ ಇವಳು. ಆದರೆ ಪ್ರೀತಿ ಹೊಕ್ಕ ತಲೆಯಲ್ಲಿ ಜಾಣತನಕ್ಕೆ ಜಾಗ ಎಲ್ಲಿಂದ ಬರಬೇಕು?

ಬುಧವಾರ ತಡೆಯಲಾಗಲಿಲ್ಲ. ಫೋನು ಮಾಡಿದಳು.

"ಎಲ್ಲಿದ್ದೀರಿ?"

"ಬಸ್ ನಿಲ್ದಾಣದ ಶಾಖೆ ಮೇಡಂ. ಏಣಿ ಮೇಲೆ." ಅವನ ದನಿಯಲ್ಲಿ ನಗು.

ಪರದೆ ನೋಡಿದಳು. ಹೊಳೆದಂಡೆ. ಕನ್ನಡಕದ ಕೌಂಟರ್. ಹಸಿರು!

ಸುಳ್ಳು... ಎಷ್ಟು ಸಲೀಸಾಗಿ ಹೇಳುತ್ತಾನೆ! ಹಾಗಾದರೆ ಪಾರ್ಕಿನಲ್ಲಿ ಹೇಳಿದ್ದು? ಅದೂ ಸುಳ್ಳೇ? ಆದರೆ ಆ ಕಣ್ಣು... ಕಣ್ಣು ಸುಳ್ಳು ಹೇಳುತ್ತಿರಲಿಲ್ಲವಲ್ಲ! ಪರದೆಯನ್ನು ನಂಬುವುದೇ, ಕಣ್ಣನ್ನು ನಂಬುವುದೇ?

"ಓಹೋ! ಬಸ್ ನಿಲ್ದಾಣ ಯಾವಾಗ ಹೋಗಿ ಕನ್ನಡಕದ ಕೌಂಟರ್ ಹಿಂದೆ ಕೂತ್ಕೊಳ್ತು? ಮೂರು ದಿನದಿಂದ ಅಲ್ಲೇ ಇದ್ದೀರಲ್ಲ... ತುಂಬಾ ಕೆಲ್ಸ ಇರ್ಬೇಕು, ಪಾಪ!"

ಆ ಕಡೆ ಬಸ್ಸಿನ ಹಾರನ್ ಕೇಳಿಸಿತು. ಹೌದು, ಬಸ್ಸಿನದೇ. ಅವಳ ಕಿವಿಗೆ ಬಿತ್ತು, ಆದರೆ ಕೋಪ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಮೂರು ದಿನದಿಂದ..." ಅವನು ನಿಧಾನವಾಗಿ ಹೇಳಿದ. "ನನ್ನನ್ನ ಪರದೆಯಲ್ಲಿ ನೋಡ್ತಾ ಇದ್ರಾ?"

ಅವಳು ನಾಲಿಗೆ ಕಚ್ಚಿಕೊಂಡಳು.

"ಒಂದು ಮಾತು ಕೇಳಬಹುದಿತ್ತಲ್ಲ ಮೇಡಂ. ಇರಲಿ... ಆ ಕೌಂಟರಿಗೇ ಹೋಗಿ ವಿಚಾರಿಸಿ. ನನ್ನನ್ನ ಕೇಳೋದಕ್ಕಿಂತ ನಿಮಗೆ ಅದೇ ಸುಲಭ."

ಫೋನು ಕಟ್ಟಾಯಿತು. ಅವಳು ಮತ್ತೆ ಮಾಡಿದಳು. ಅವನು ಎತ್ತಲಿಲ್ಲ.

ತಪ್ಪು ಮಾಡಿದವನು ಅವನು, ಅಳು ಬರುತ್ತಿರುವುದು ಮಾತ್ರ ನನಗೆ! ಇದ್ಯಾವ ನ್ಯಾಯ?

ಮನೆಗೆ ಬಂದವಳ ಮುಖ ನೋಡಿ ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿದಳು. ಅಣ್ಣನ ಹೆಂಡತಿಯಾದರೂ ಇವಳಿಗೆ ಅರ್ಧ ಅಮ್ಮ, ಅರ್ಧ ಗೆಳತಿ. ನಾದಿನಿಯ ಕಥೆಯನ್ನೆಲ್ಲ ಕೇಳಿ, ಸೂಜಿಗೆ ದಾರ ಪೋಣಿಸಲು ಹೋಗಿ, ತಪ್ಪಿ, ಮತ್ತೆ ತಪ್ಪಿ, ಕೊನೆಗೆ ಹೇಳಿದಳು.

"ನನಗೂ ಒಂದು ಕನ್ನಡಕ ಬೇಕೇ ಬೇಕು ಕಣೇ. ನಾಳೆ ಹೊಳೆದಂಡೆ ಶಾಖೆಗೇ ಹೋಗೋಣ. ಆ ಗುಳಿಕೆನ್ನೆಯವಳನ್ನ ನಾನೂ ನೋಡ್ತೀನಿ!"

ಗುರುವಾರ ಇಬ್ಬರೂ ಕೌಂಟರಿನ ಮುಂದೆ ನಿಂತರು. ಗಾಜಿನ ಕಪಾಟು, ಸಾಲು ಸಾಲು ಫ್ರೇಮುಗಳು, ಒಂದು ದುಂಡು ಕನ್ನಡಿ. ಅದರ ಹಿಂದೆ ಉದ್ದ ಜಡೆಯಿಲ್ಲ, ಗುಳಿಯಿಲ್ಲ. ನರೆತ ದಪ್ಪ ಮೀಸೆಯ ಒಬ್ಬರು ಹಿರಿಯರು ಒಂದೇ ಬೆರಳಿನಲ್ಲಿ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದರು. ಎದುರಿಗೆ ಮೂಲೆ ಸವೆದ ಅವನ ಲ್ಯಾಪ್‌ಟಾಪ್, ಮುಚ್ಚಳದ ಮೇಲೆ ಅವನದೇ ಸುಣ್ಣದ ಬೆರಳ ಗುರುತು!

"ಈ... ಈ ಲ್ಯಾಪ್‌ಟಾಪ್?" ಅವಳು ಬೆರಳು ತೋರಿದಳು.

"ಇದಾ? ಏಣಿ ಹುಡುಗ ಕೊಟ್ಟದ್ದಮ್ಮ. ಅವನಿಗೆ ಹೊಸದು ಬಂತಲ್ಲ. ಕಂಟ್ರೋಲ್ ರೂಮಿನವರಿಗೆ ಹೇಳಿದ್ದೀನಿ, ಹೆಸರು ಬದಲಾಯಿಸ್ತಾರೆ ಅಂದಿದ್ದ. ವಾರ ಆಯ್ತು, ಇನ್ನೂ ತೆರೆದರೆ ಅವನ ಹೆಸರೇ ಬರುತ್ತೆ ನೋಡಿ. ಆ ಕಂಟ್ರೋಲ್ ರೂಮಿನವರು ನಿದ್ದೆ ಮಾಡ್ತಾರೋ ಏನೋ!"

ಅವಳ ಕಿವಿಯಲ್ಲಿ ಆ ಮಧ್ಯಾಹ್ನದ ದನಿ ಈಗ ಪೂರ್ತಿ ಕೇಳಿಸಿತು. 'ನನ್ನ ಹಳೇ ಲ್ಯಾಪ್‌ಟಾಪ್ ಕನ್ನಡಕದ ಕೌಂಟರಿಗೆ ಕೊಟ್ಟೆ ಮೇಡಂ, ಹೆಸರು ಬದಲಿಸಿಬಿಡಿ. ಹೊಸದನ್ನ ಆಮೇಲೆ ಸೇರಿಸೋಣ. ಮತ್ತೆ... ಭಾನುವಾರ ಬಿಡುವಿದ್ಯಾ?'

ಭಾನುವಾರ ಎನ್ನುವ ಒಂದು ಮಾತಿಗೆ ಅದರ ಹಿಂದಿನದೆಲ್ಲ ಕೊಚ್ಚಿಹೋಗಿತ್ತು!

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. "ನಿನ್ನ ಸವತಿಗೆ ಮೀಸೆ ಇದೆ ಕಣೇ!"

ಅವಳು ನಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು.

"ಹೋಗಲಿ ಬಿಡು, ಅವನು ಸುಳ್ಳುಗಾರ ಅಲ್ಲ ಅಂತ ಗೊತ್ತಾಯ್ತಲ್ಲ!" ಎಂದಳು ಅತ್ತಿಗೆ.

"ಅದಲ್ಲ ಅತ್ತಿಗೆ... ಅವನು ನಿಜವಾಗ್ಲೂ ಇಲ್ಲಿದ್ದಿದ್ರೂ ನಾನು ಹಾಗೆ ಕದ್ದು ನೋಡಬಾರದಿತ್ತು. ನನ್ನನ್ನ ಯಾರಾದ್ರೂ ಹಾಗೆ ನೋಡಿದ್ರೆ? ನಾನು ಸುಮ್ಮನಿರ್ತಿದ್ನಾ?"

ಅತ್ತಿಗೆಯ ನಗು ನಿಂತಿತು. ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. "ಹಾಗಾದ್ರೆ ಅದನ್ನೇ ಅವನಿಗೆ ಹೇಳು."

ಹೇಳುವುದು ಹೇಗೆ? ಅವನು ಫೋನೇ ಎತ್ತುತ್ತಿರಲಿಲ್ಲ.

ಶುಕ್ರವಾರ ಬಂದೇಬಿಟ್ಟಿತು. ಬೆಳಿಗ್ಗೆ ಬಂದವಳೇ ಮೊದಲು ಆ ಚುಕ್ಕಿಯ ಮೇಲಿನ 'ಏಣಿ'ಯನ್ನು ಅಳಿಸಿ 'ಕನ್ನಡಕ ಕೌಂಟರ್' ಎಂದು ಬರೆದಳು. ಬರೆಯುವಾಗ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಮೂಡಿತು. ಹೊಸ ಲ್ಯಾಪ್‌ಟಾಪ್ ಒಂದು ಸೇರಲು ಅನುಮತಿ ಕೇಳುತ್ತಿದೆ. ಅವನದು!

ಅವಳ ಬೆರಳು ಅದರತ್ತ ಸರಿಯಿತು. ಒಂದು ಸಲ ಒತ್ತಿದರೆ ಸಾಕು... ಅವನು ಈ ಕ್ಷಣ ಎಲ್ಲಿದ್ದಾನೆ, ಯಾವ ಶಾಖೆ, ಯಾವ ಕೋಣೆ... ಎಲ್ಲಾ ತಿಳಿಯುತ್ತದೆ. ಓಡಿಹೋಗಿ ಎದುರು ನಿಲ್ಲಬಹುದು. ಕ್ಷಮೆ ಕೇಳಬಹುದು. ಒಳ್ಳೆಯದಕ್ಕೇ ಅಲ್ಲವೇ? ಒತ್ತಲೇ? ಬೇಡವೇ?

ಮುಂದಿನ ಪಾಳಿಯವರು ಒತ್ತಲಿ. ನಾನು ಒತ್ತಲಾರೆ.

ಕುರ್ಚಿ ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂತಳು. ಆ ಕೋಣೆಯಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು. ಮೊಬೈಲು ತೆಗೆದು ಬರೆದಳು.

'ಹೆಸರು ಬದಲಿಸಲು ಮರೆತವಳು ನಾನು. ಅದಕ್ಕಿಂತ ದೊಡ್ಡ ತಪ್ಪು, ಕೇಳದೆ ನೋಡಿದ್ದು. ಇನ್ನು ನೋಡುವುದಿಲ್ಲ. ಎಲ್ಲಿದ್ದೀರಿ?'

ಒಂದು ಗಂಟೆ ಕಳೆದರೂ ಉತ್ತರ ಬರಲಿಲ್ಲ. ಆಫೀಸಿಗೆ ಹೇಳಿಬಿಟ್ಟನೇ? ಅಲ್ಲೇ ಇರುತ್ತೇನೆ ಎಂದುಬಿಟ್ಟನೇ? ಅಷ್ಟರಲ್ಲಿ ಫೋನು ಬಡಿದುಕೊಂಡಿತು!

"ಎಲ್ಲಿದ್ದೀನಿ ಅಂತ ನಿಮಗೇ ಗೊತ್ತಿರ್ಬೇಕಲ್ಲ ಕಂಟ್ರೋಲ್ ಮೇಡಂ. ಬೆಳಿಗ್ಗೆನೇ ಹೊಸದನ್ನ ಸೇರಿಸೋಕೆ ಕಳ್ಸಿದ್ದೆ."

"ನಾನು ಒತ್ತಲಿಲ್ಲ."

"ಯಾಕೆ?"

"ನೀವು ಹೇಳಿದ್ರೆ ಸಾಕು. ಎಲ್ಲಿದ್ದೀರಿ?"

ಅವನ ದನಿ ಮೆತ್ತಗಾಯಿತು.

"ಬಾಗಿಲು ತೆಗೀರಿ. ಕಾರಿಡಾರಿನಲ್ಲಿ. ಏಣಿ ಮೇಲೆ."

ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು! ಬಾಗಿಲ ಆಚೆ ಅದೇ ಧೂಳಿನ ಬೂಟು, ಅದೇ ಅಲ್ಲಾಡುವ ಏಣಿ. ಅವನ ಕೈಯಲ್ಲಿ ವೈರೂ ಇರಲಿಲ್ಲ, ಚಾವಣಿಯ ಮುಚ್ಚಳವೂ ತೆರೆದಿರಲಿಲ್ಲ.

"ಏನು ರಿಪೇರಿ ಇಲ್ಲಿ?" ಅಳುವಿನ ನಡುವೆಯೇ ಕೇಳಿದಳು.

"ಏನೂ ಇಲ್ಲ. ಒಂದು ಗಂಟೆಯಿಂದ ಬಾಗಿಲು ತಟ್ಟೋ ಧೈರ್ಯ ಸಾಲದೆ ಹತ್ತಿ ನಿಂತಿದ್ದೀನಿ. ಕೋಪ ಇತ್ತು... ಈಗಲೂ ಸ್ವಲ್ಪ ಇದೆ."

"ಇರಲಿ. ನನ್ನ ತಪ್ಪಿಗೆ ಅಷ್ಟಾದ್ರೂ ಬೇಡ್ವಾ?" ಅವಳು ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಆಫೀಸಿಗೆ ಏನು ಹೇಳಿದ್ರಿ?"

"ಹೋಗ್ತೀನಿ ಅಂದೆ. ವಾಪಸ್ ಬರೋದನ್ನ ಇನ್ನೂ ಹೇಳಿಲ್ಲ. ಅದು ನಿಮ್ಮ ಕೈಲಿದೆ." ಅವನು ಒಂದೊಂದೇ ಮೆಟ್ಟಿಲು ಇಳಿದ. "ಆದ್ರೆ ಮೇಡಂ... ಆ ಹೊಸ ಶಾಖೆಗಳು ಇನ್ನೂ ನಿಮ್ಮ ಪರದೆಗೆ ಸೇರಿಲ್ಲ. ಚುಕ್ಕಿ ಇಲ್ಲ, ಹಸಿರಿಲ್ಲ, ಕೆಂಪಿಲ್ಲ. ನಾನೆಲ್ಲಿದ್ದೀನಿ ಅಂತ ಹೇಗೆ ಗೊತ್ತಾಗುತ್ತೆ?"

"ಕೇಳ್ತೀನಿ."

"ನಾನು ಹೇಳಿದ್ದನ್ನ ನಂಬ್ತೀರಾ?"

"ನಂಬ್ತೀನಿ. ಬಸ್ ನಿಲ್ದಾಣ ಅಂದ್ರೆ ಬಸ್ ನಿಲ್ದಾಣ." ಕಣ್ಣೀರು ಒರೆಸಿಕೊಂಡಳು. "ಸಂಜೆ ಮನೆಗೆ ಬನ್ನಿ. ಅಣ್ಣ ಇರ್ತಾನೆ. ನಾನು... ಹೂಂ ಅಂತ ಭಾನುವಾರವೇ ಅನ್ನಬೇಕಿತ್ತು."

ಅವನು ಕೊನೆಯ ಮೆಟ್ಟಿಲು ಇಳಿದು ನೆಲದ ಮೇಲೆ ನಿಂತ. ಹುಬ್ಬಿನ ಮೇಲೆ ಸುಣ್ಣ ಇರಲಿಲ್ಲ, ಆದರೂ ಆ ಕಣ್ಣುಗಳು ಅವತ್ತಿನ ಹಾಗೆಯೇ ನಕ್ಕವು. ಅವಳು ಇನ್ನೂ ಏಣಿ ಬಿಟ್ಟಿರಲಿಲ್ಲ.

"ಇಳಿದಾಯ್ತಲ್ಲ, ಇನ್ನೂ ಯಾಕೆ ಹಿಡ್ಕೊಂಡಿದ್ದೀರಿ?"

"ಗೊತ್ತಿಲ್ಲ ಕಣ್ರೀ... ಅವತ್ತೂ ಗೊತ್ತಿರಲಿಲ್ಲ."

ಅವನು ಮೆಲ್ಲನೆ ಅವಳ ಕೈಯನ್ನು ಏಣಿಯಿಂದ ಬಿಡಿಸಿ, ತನ್ನ ಕೈಯೊಳಗೆ ಇಟ್ಟುಕೊಂಡ.

"ಈಗ ಕೇಳಿ, ನಾನೆಲ್ಲಿದ್ದೀನಿ ಅಂತ."

"ಎಲ್ಲಿದ್ದೀರಿ?"

"ಇಲ್ಲೇ."